54ನೇ ನಂಬರಿನವನನ್ನು ಬೀಳ್ಕೊಡುವ ಮುಂಚೆ

ನಮ್ಮ ಕಥೆಯ ನಾಯಕ ಅಮೆರಿಕನ್ ಫುಟ್‌ಬಾಲಿನ ಲೈನ್‌ಬ್ಯಾಕರ್, ಅಂದರೆ ತನ್ನ ತಂಡದ ಮುಂಸಾಲಿನ ಹಿಂದೆ ನಿಂತು ಎದುರಾಳಿಯನ್ನು ತಡೆಯುವವನು. ಆ ಕಥೆಯ ಕೊನೆಯ ಕಂತು ಮೊನ್ನೆ ಹೊರಬಂತು. ಒಟ್ಟು 24 ಕಂತು. ಓದುತ್ತ ಬಂದವರಿಗೆ ಮತ್ತೆ ಹೇಳಬೇಕಾಗಿಲ್ಲ: ತಂಡಗಳು ಹೊಸಬರನ್ನು ಆರಿಸುವ ಡ್ರಾಫ್ಟಿನ ಏಳು ಸುತ್ತಿನಲ್ಲೂ ಯಾರೂ ಹೆಸರು ಕೂಗದ ಹುಡುಗ, ಅಭ್ಯಾಸಕ್ಕೆ ಇಟ್ಟುಕೊಳ್ಳುವ ಪ್ರಾಕ್ಟೀಸ್ ಸ್ಕ್ವಾಡ್, ತಂಡದ 53 ಜನರ ಪಟ್ಟಿಗೆ ಬಡ್ತಿ, ಎಂಟು ಸೀಸನ್, ಆಮೇಲೆ ಆ ಮನೆ. ಅವನು ಪೂರ್ತಿ ಕಲ್ಪನೆಯವನು. ಅವನ ಹೆಜ್ಜೆ, ಅವನಿಗೆ ಬಿದ್ದ ಪೆಟ್ಟು ಮಾತ್ರ ಕಲ್ಪನೆಯಾಗದಂತೆ ಕಾದವರು ಹಲವರಿದ್ದಾರೆ.

ಮೊದಲ ಕಂತಿನಲ್ಲಿ ಅವನಿಗೆ 7ನೇ ನಂಬರ್ ಕೊಟ್ಟಿದ್ದೆವು. ಲೈನ್‌ಬ್ಯಾಕರ್‌ಗಳಿಗೆ ಒಂಟಿ ಅಂಕಿ ಸಿಗತೊಡಗಿದ್ದು 2021ರಿಂದ, ಅವನ ಕಾಲಕ್ಕೆ 50ರ ಸಾಲು, ತಪ್ಪಿದರೆ 90ರ ಸಾಲು ಎಂದು ತಿದ್ದಿ ಅವನನ್ನು 54 ಮಾಡಿಸಿದ ಓದುಗರಿಗೆ, ಐದಡಿ ಒಂಬತ್ತಿಂಚಿನವನಿಗೆ ಇದು ಸಾಧ್ಯವೇ ಎಂದು ಕೇಳಿದವರಿಗೆಲ್ಲ, ಅಷ್ಟೇ ಎತ್ತರವಿದ್ದು ಡ್ರಾಫ್ಟಿನಲ್ಲಿ ಆಯ್ಕೆಯಾಗದೆಯೂ 2022ರಲ್ಲಿ ಆಟದ ದಿಗ್ಗಜರ ಸಾಲಾದ ಹಾಲ್ ಆಫ್ ಫೇಮ್ ಸೇರಿದ ಸ್ಯಾಮ್ ಮಿಲ್ಸ್ ಹೆಸರು ಹೇಳಿ ಬಾಯಿ ಮುಚ್ಚಿಸಿದವರಿಗೆ, ಎದುರಾಳಿ ಸಾಲಿನ ಇಬ್ಬರ ನಡುವಿನ ಜಾಗಕ್ಕೆ 'ಗ್ಯಾಪ್' ಬೇಡ 'ಸಂದು' ಇರಲಿ ಎಂದು ಹಟ ಹಿಡಿದು ಗೆದ್ದ ಕರಡು ತಿದ್ದುವವರಿಗೆ, ಎಲ್ಲರಿಗೂ ನಮಸ್ಕಾರ.

ಇನ್ನು ಅಕ್ಕ. ಹೆಸರು ಹಾಕಕೂಡದೆಂದು ಕಟ್ಟಪ್ಪಣೆಯಾಗಿದೆ. ಒಹಾಯೋದ ಒಂದು ಹೈಸ್ಕೂಲಿನಲ್ಲಿ ಅಥ್ಲೆಟಿಕ್ ಟ್ರೇನರ್. ಅಂದರೆ ಕಸರತ್ತು ಮಾಡಿಸುವವರಲ್ಲ. ಆಟದ ಉದ್ದಕ್ಕೂ ಗೆರೆಯಾಚೆ ನಿಂತು, ಬಿದ್ದವನ ಹತ್ತಿರ ಮೊದಲು ಓಡುವವರು.

'ಕಾಲಿಗೆ ಬಿಗಿಯಾಗಿ ಪಟ್ಟಿ ಸುತ್ತಿಸಿಕೊಂಡು ಮೈದಾನಕ್ಕಿಳಿದ' ಎಂದು ನಾವು ಬರೆದಿದ್ದ ಒಂದು ಸಾಲಿಗೆ ಅವರಿಂದ ಒಂದು ಪುಟ ಬಂತು. ಪಾದ ಕಾಲಿಗೆ 90 ಡಿಗ್ರಿಯಲ್ಲಿ ನಿಂತಿರಬೇಕು. ಜೋತುಬಿದ್ದ ಪಾದಕ್ಕೆ ಸುತ್ತಿದರೆ, ಎದ್ದು ನಿಂತಾಗ ಪಟ್ಟಿ ಚರ್ಮಕ್ಕೆ ಕೊರೆಯುತ್ತದೆ. ಒಂದೂವರೆ ಇಂಚಿನ ಬಿಳಿ ಟೇಪಿನಿಂದ ಮೊದಲು ಮೀನಖಂಡದ ಕೆಳಗೆ ಆಧಾರದ ಸುತ್ತು. ಆಮೇಲೆ ಒಳಗಿನಿಂದ ಹಿಮ್ಮಡಿಯಡಿ ಹಾಯ್ದು ಹೊರಕ್ಕೆ ಮೂರು ಎಳೆ, ಏಕೆಂದರೆ ಪಾದ ಹೆಚ್ಚಾಗಿ ಉಳುಕುವುದು ಒಳಮಗ್ಗುಲಿಗೆ ಮಡಚಿ. ಅದರ ಮೇಲೆ ಎಂಟರ ಆಕಾರದ ಸುತ್ತು, ಕೊನೆಗೆ ಹಿಮ್ಮಡಿಯನ್ನು ಹಿಡಿದಿಡುವ ಹೀಲ್ ಲಾಕ್. ಪ್ರತಿ ಸುತ್ತೂ ಹಿಂದಿನದರ ಅರ್ಧದಷ್ಟನ್ನು ಮುಚ್ಚಬೇಕು. ನಡುವೆ ಒಂದು ಸುಕ್ಕು ಉಳಿದರೂ ಅಲ್ಲೇ ಬೊಬ್ಬೆ. ಕಿರುಬೆರಳಿನ ಬದಿಯ ಮೂಳೆಯ ಮೇಲೆ ಬಿಗಿ ಮಾಡಿದರೆ ನೋವು ತಡೆಯಲಾರದೆ ಹುಡುಗನೇ ಕಿತ್ತು ಬಿಸಾಡುತ್ತಾನೆ.

ಆಟವನ್ನೂ ಅವರೇ ತಿದ್ದಿದರು. ನಮ್ಮವನು ಚೆಂಡಿನ ಹಿಂದೆ ಓಡುತ್ತಿದ್ದ. ಚೆಂಡು ನೋಡುವವನೇ ಮೊದಲು ಮೋಸಹೋಗುವುದು ಎಂದರು. ನಡುವಿನ ಲೈನ್‌ಬ್ಯಾಕರ್ ನಾಲ್ಕೈದು ಗಜ ಹಿಂದೆ ನಿಂತು ಎದುರಾಳಿಯ ಮುಂಸಾಲಿನಲ್ಲಿ ನಿಲ್ಲುವ ಗಾರ್ಡ್‌ಗಳನ್ನು ಓದುತ್ತಾನೆ. ಗಾರ್ಡಿನ ತಲೆ ತಗ್ಗಿಯೇ ಮುಂದೆ ಬಂತೋ, ಓಟ. ತನ್ನ ಸಂದಿಗೆ ನುಗ್ಗಬೇಕು. ತಲೆ ಮೇಲೆದ್ದು ಹಿಂದೆ ಸರಿಯಿತೋ, ಪಾಸ್. ತಾನೂ ಹಿಂದೆ ಸರಿಯಬೇಕು. ಗಾರ್ಡ್ ಪಕ್ಕಕ್ಕೆ ಓಡಿದನೋ, ಅವನ ಜೊತೆಗೇ. ಅದಕ್ಕೆ ಮೊದಲ ಹೆಜ್ಜೆ ಆರೇ ಇಂಚು. ದೊಡ್ಡ ಹೆಜ್ಜೆ ಇಟ್ಟು ಓದು ತಪ್ಪಿದರೆ ಕಾಲು ಹಿಂದಕ್ಕೆ ಬರುವಷ್ಟರಲ್ಲಿ ಎದುರಾಳಿ ಎದೆಯ ಮೇಲಿರುತ್ತಾನೆ.

ಟ್ಯಾಕಲ್ ಮಾಡುವಾಗ, ಅಂದರೆ ಎದುರಾಳಿಯನ್ನು ಹಿಡಿದು ಕೆಡವುವಾಗ, ತಲೆ ಯಾಕೆ ತಗ್ಗಿಸಬಾರದು ಎಂಬುದನ್ನೂ ಎಷ್ಟು ಸರಳವಾಗಿ ಹೇಳಿದರು! ಕುತ್ತಿಗೆಗೆ ಸಹಜವಾಗಿ ಒಂದು ಬಾಗು ಇದೆ, ಪೆಟ್ಟನ್ನು ಅದು ಸ್ಪ್ರಿಂಗಿನ ಹಾಗೆ ನುಂಗುತ್ತದೆ. ತಲೆ ತಗ್ಗಿಸಿದೊಡನೆ ಬಾಗು ಹೋಗಿ ಕತ್ತು ನೆಟ್ಟಗೆ ಕಂಬವಾಗುತ್ತದೆ. ನೆತ್ತಿಗೆ ಬಿದ್ದ ಭಾರವೆಲ್ಲ ಮೂಳೆಗೆ. ಶಾಲೆ, ಕಾಲೇಜುಗಳ ಆಟದಲ್ಲಿ ನೆತ್ತಿಯಿಂದ ಗುದ್ದುವುದನ್ನು 1976ರಲ್ಲೇ ನಿಷೇಧಿಸಿದ್ದು ಇದಕ್ಕೆ.

ಹತ್ತೊಂಬತ್ತನೇ ಕಂತಿನ ರಾತ್ರಿಯ ಮಾತು ಬೇರೆ. ನಮಗೆ ರಾತ್ರಿ, ಅವರಿಗೆ ರಜೆಯ ಭಾನುವಾರ. ಬೆಳಗಾದರೆ ಕಂತು ಹೋಗಬೇಕು. ನಾವು ಬರೆದದ್ದು ಹೀಗಿತ್ತು: 2010ರ ಪಂದ್ಯ, ತಲೆಗೆ ಪೆಟ್ಟು, ಬೆಂಚಿನ ಮೇಲೆ ಒಂದು ಕ್ವಾರ್ಟರ್, ಮತ್ತೆ ಮೈದಾನ, ಒಂದು ಗಜ ಉಳಿದಿರುವಾಗ ಎದುರಾಳಿಯನ್ನು ಕೆಡವಿ ಗೆಲುವು. ಅಕ್ಕ ಆಗುವುದಿಲ್ಲ ಎಂದರು. 2009ರ ಡಿಸೆಂಬರಿನಿಂದ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಹಾಗೆ ಪೆಟ್ಟಾದವನು ಅದೇ ದಿನ ಮರಳುವಂತಿಲ್ಲ. ಹಾಗಾದರೆ 2008ಕ್ಕೆ ಒಯ್ಯೋಣವೇ ಎಂದು ಕೇಳಿದೆವು. 'ಒಯ್ಯಿರಿ. ಚಪ್ಪಾಳೆ ತೆಗೆಯಿರಿ,' ಎಂದರು.

ಆಮೇಲೆ ದೃಶ್ಯವನ್ನು ಅವರೇ ಕಟ್ಟಿಕೊಟ್ಟರು. 2008ರಲ್ಲಿ ಮೊದಲ ಬಾರಿಗೆ ಡಿಫೆನ್ಸಿನ ಒಬ್ಬನ ಹೆಲ್ಮೆಟ್ಟಿನೊಳಗೆ ರೇಡಿಯೋ ಬಂತು, ಗುರುತಿಗೆ ಹಿಂಬದಿಯಲ್ಲಿ ಹಸಿರು ಚುಕ್ಕಿ. ನಮ್ಮ 54ಕ್ಕೂ ಅದೇ ಚುಕ್ಕಿ. ಪ್ರತಿ ಆಟ ಶುರುಮಾಡಲು ಕೊಡುವ ಗಡಿಯಾರದಲ್ಲಿ 15 ಸೆಕೆಂಡು ಉಳಿದಾಗ ಕೋಚಿನ ದನಿ ಕಡಿದುಹೋಗುತ್ತದೆ. ಉಳಿದ ಹತ್ತು ಜನಕ್ಕೆ ಇವನ ಬಾಯೇ ಗತಿ. ಪೆಟ್ಟು ತಿಂದವನು ತೂರಾಡಬೇಕಿಲ್ಲ, ವಾಂತಿಯೂ ಬೇಕಿಲ್ಲ ಎಂದರು ಅಕ್ಕ. ಅವನು ಹಿಂದಿನ ಆಟದ ಸಂಕೇತವನ್ನೇ ಮತ್ತೊಮ್ಮೆ ಹೇಳಲಿ. ದನಿ ಗಟ್ಟಿ, ಕಣ್ಣು ನೆಟ್ಟಗೆ, ಮಾತು ಮಾತ್ರ ಐದು ನಿಮಿಷ ಹಳೆಯದು. ಅರ್ಧ ಜನ ಒಂದು ಕಡೆ, ಅರ್ಧ ಜನ ಇನ್ನೊಂದು ಕಡೆ, ಗಾರ್ಡ್ ಮತ್ತು ಅವನ ಪಕ್ಕದ ಟ್ಯಾಕಲ್ ಎಂಬ ಆಟಗಾರನ ನಡುವಿನ ಬಿ ಸಂದಿಗೆ ಯಾರೂ ಇಲ್ಲ. ಓಟಗಾರ ಅಲ್ಲಿಂದಲೇ ಹೋದ. ಜೊತೆಯವನೊಬ್ಬ ನಕ್ಕು ಇವನ ಹೆಲ್ಮೆಟ್ಟಿಗೆ ತಟ್ಟಿದ. ಯಾರೂ ಇವನನ್ನು ಹೊರಗೆ ಕರೆಯಲಿಲ್ಲ.

ಅದನ್ನು ಬರೆಸಿದ ಮೇಲೆ ಅವರು ಹೇಳಿದ್ದು: 'ಆ ಕಾಲದಲ್ಲಿ ಒಂದು ಹೆಲ್ಮೆಟ್ಟನ್ನು ನಾನೇ ವಾಪಸ್ ಕೊಟ್ಟಿದ್ದೇನೆ ಕಣ್ರೋ.' ಯಾರದು, ಏನಾಯಿತು ಎಂದು ನಾವು ಕೇಳಲಿಲ್ಲ. ಅಷ್ಟು ಹೊತ್ತು ಎಳೆ ಎಳೆಯಾಗಿ ತಿದ್ದುತ್ತಿದ್ದವರ ದನಿ ಅಲ್ಲಿ ಒಡೆಯಿತು. ಈಗ ಅನುಮಾನ ಬಂದ ಕೂಡಲೇ ಅವರು ಮಾಡುವ ಮೊದಲ ಕೆಲಸ ಹೆಲ್ಮೆಟ್ ಎತ್ತಿಟ್ಟುಕೊಳ್ಳುವುದು. ಹೆಲ್ಮೆಟ್ ಇಲ್ಲದೆ ಯಾರೂ ಒಳಗೆ ಓಡಲಾರರು. ಕುತ್ತಿಗೆಗೆ ಪೆಟ್ಟಾಗಿ ಮಲಗಿದವನದಾದರೆ ಮಾತ್ರ ಹೆಲ್ಮೆಟ್ಟೊಂದನ್ನೇ ತೆಗೆಯಬಾರದಂತೆ: ಭುಜದ ದಪ್ಪ ಪ್ಯಾಡು ಉಳಿದು ತಲೆ ಹಿಂದಕ್ಕೆ ಬೀಳುತ್ತದೆ. ದನಿ ಸರಿಹೋಗುವ ಮುಂಚೆಯೇ ಇದನ್ನೂ ಬರೆಸಿದರು. 21ನೇ ಕಂತಿಗೆ ಬೇಕಾಗುತ್ತದೆಂದು ಅವರಿಗೆ ಗೊತ್ತಿತ್ತು.

ಕೊನೆಯ ಕಂತಿನಲ್ಲಿ ವೈದ್ಯರ ಬಾಯಲ್ಲಿ ತಲೆಗೆ ಪದೇ ಪದೇ ಬೀಳುವ ಪೆಟ್ಟಿನಿಂದ ಬರುವ ಸಿಟಿಇ ಎಂಬ ಮಿದುಳಿನ ಕಾಯಿಲೆಯ ಹೆಸರು ಹೇಳಿಸಿದ್ದೆವು. ಅದನ್ನು ಖಚಿತ ಮಾಡುವುದು ಸತ್ತ ಮೇಲೆ ಮಿದುಳಿನ ಅಂಗಾಂಶ ನೋಡಿ. ಬದುಕಿರುವವನಿಗೆ ಆ ಹೆಸರು ಅಂಟಿಸಬೇಡಿ ಎಂದರು. ಅಳಿಸಿದೆವು. ನೀವೆಲ್ಲ ಮೆಚ್ಚಿ ಬರೆದ ಆ ಗ್ಯಾರೇಜಿನ ದೃಶ್ಯ, ಕಾರಿನ ಕೀಲಿ ಕೈಯಲ್ಲಿ ಹಿಡಿದು ಅವನು ಸುಮ್ಮನೆ ನಿಂತಿರುವುದು, ಅಳಿಸಿದ ಜಾಗದಲ್ಲಿ ಬಂದದ್ದು.

ಪುಸ್ತಕವಾಗುವ ಮುನ್ನ ಇನ್ನೂ ಒಂದು ತಪ್ಪು ಇದೆಯಂತೆ, ನಿನ್ನೆ ಸಂದೇಶ ಬಂದಿದೆ. ಎಂಟನೇ ಕಂತಿನಲ್ಲಿ ಹೀಲ್ ಲಾಕ್ ಒಂದೇ ಬದಿಗೆ ಹಾಕಿಸಿದ್ದೇವೆ. ಇನ್ನೊಂದು ಬದಿಗೂ ಹಾಕಿಸುತ್ತೇವೆ, ಅಕ್ಕಾ.