ಅವ್ವನ ಚೀಟಿಯಲ್ಲಿ ಎಲುಬಿನ ನಂಬರ್ ಇಲ್ಲ

ಮಾನ್ಯ ಆರೋಗ್ಯ ಸಚಿವರಿಗೆ ಹುಬ್ಬಳ್ಳಿಯಿಂದ ನಮಸ್ಕಾರ.

ನಮ್ಮ ಅವ್ವನ ಟೊಂಕಕ್ಕೆ ಹಿಂದೆ ಹಾಕಿದ್ದ ಕೃತಕ ಕೀಲು ಸಡಿಲಾಗಿ, ಸುತ್ತಲಿನ ಎಲುಬು ಸವೆದಿತ್ತು. ಕಳೆದ ವರ್ಷ ಮತ್ತೆ ಆಪರೇಷನ್ ಆಯಿತು. ಸವೆದ ಜಾಗಕ್ಕೆ ಯಾರೋ ದಾನ ಕೊಟ್ಟ ಎಲುಬನ್ನು ಚೂರು ಮಾಡಿ ತುಂಬಿದರು. ಈಗ ಅವ್ವ ಕೋಲು ಹಿಡಿದು ಸಿದ್ಧಾರೂಢ ಮಠಕ್ಕೆ ಹೋಗಿ ಬರುತ್ತಾಳೆ. ಆ ದಾನಿಯ ಋಣ ದೊಡ್ಡದು.

ಆದರೆ ಡಿಸ್ಚಾರ್ಜ್ ಚೀಟಿ ನೋಡಿ ಸರ್. ಲೋಹದ ಕೀಲಿಗೆ ಕಂಪನಿ ಹೆಸರು, ಬ್ಯಾಚ್ ನಂಬರ್ ಇರುವ ಸ್ಟಿಕ್ಕರ್ ಅಂಟಿಸಿದ್ದಾರೆ. ಎಲುಬಿನ ಬಗ್ಗೆ ಇರುವುದು 'ಬೋನ್ ಗ್ರಾಫ್ಟ್' ಅಂತ ಎರಡೇ ಪದ. ದಾನ ಬಂದ ಎಲುಬು, ಚರ್ಮದಂಥವನ್ನು ಶುದ್ಧ ಮಾಡಿ ಕಾಪಾಡಿಡುವ ಟಿಶ್ಯೂ ಬ್ಯಾಂಕ್ ಅಂತ ಇರುತ್ತವೆ; ಇದು ಯಾವ ಬ್ಯಾಂಕಿನದು ಅಂತ ಆಸ್ಪತ್ರೆಯವರನ್ನು ಕೇಳಿದೆ. "ಮುಂಬೈಯಿಂದ ಬಂದಿರಬೇಕು" ಅಂದರು. ಮೈಯೊಳಗೆ ಇಟ್ಟ ವಸ್ತುವಿಗೆ 'ಬಂದಿರಬೇಕು' ಸಾಕಾ?

ಒಳ್ಳೆಯ ಬ್ಯಾಂಕುಗಳು ಎಷ್ಟು ಕಷ್ಟಪಡುತ್ತವೆ ಅಂತ ಆಮೇಲೆ ತಿಳಿದುಕೊಂಡೆ. ಕೀಲು ಬದಲಿಸುವಾಗ ತೆಗೆದ ತೊಡೆಯೆಲುಬಿನ ಗುಂಡನ್ನೇ ಜಾಸ್ತಿ ದಾನ ಪಡೆಯುತ್ತಾರೆ. ದಾನಿಯ ಹಳೆಯ ಕಾಯಿಲೆಗಳನ್ನು ಕೇಳುತ್ತಾರೆ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ಇದೆಯಾ ಅಂತ ರಕ್ತ ನೋಡುತ್ತಾರೆ. ಹೊಸದಾಗಿ ತಗುಲಿದ ಸೋಂಕು ಶುರುವಿನಲ್ಲಿ ಪರೀಕ್ಷೆಗೆ ಸಿಗದೇ ಇರಬಹುದು. ಅದಕ್ಕೇ ಕೆಲವು ಕಡೆ ಎಲುಬನ್ನು ಮೈನಸ್ 70-80 ಡಿಗ್ರಿಯಲ್ಲಿಟ್ಟು, 6 ತಿಂಗಳ ಮೇಲೆ ದಾನಿಯನ್ನು ಮತ್ತೆ ಕರೆದು ರಕ್ತ ನೋಡುತ್ತಾರೆ. ಮಜ್ಜೆ, ಕೊಬ್ಬು ತೊಳೆದು, ಒಣಗಿಸಿ, ಪ್ಯಾಕ್ ಮಾಡಿ, ರೋಗಾಣು ಸಾಯಲಿ ಅಂತ ಗಾಮಾ ಕಿರಣ ಹಾಯಿಸುತ್ತಾರೆ, ಸಾಮಾನ್ಯವಾಗಿ 25 ಕಿಲೋಗ್ರೇ (ಕಿರಣದ ಅಳತೆ) ಪ್ರಮಾಣದಲ್ಲಿ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ 1988ರಿಂದಲೂ ಟಿಶ್ಯೂ ಬ್ಯಾಂಕ್ ಇದೆ. ಇಷ್ಟೆಲ್ಲ ಮಾಡಿದ ಮೇಲೆ, ಆ ಪ್ಯಾಕಿನ ನಂಬರ್ ರೋಗಿಯ ಕೈಗೆ ಬರುವ ಮುಂಚೆಯೇ ಕಳೆದುಹೋಗಬಾರದು ಅಲ್ವಾ?

2021ರಲ್ಲಿ ಅಮೆರಿಕದಲ್ಲಿ ಒಬ್ಬ ದಾನಿಯ ಎಲುಬಿನಿಂದ ಮಾಡಿದ ಗ್ರಾಫ್ಟ್ ನೂರಕ್ಕೂ ಹೆಚ್ಚು ಜನರಿಗೆ ಹೋಗಿ, ಹಲವರಿಗೆ ಟಿಬಿ ಬಂತು. ಅದರಲ್ಲಿ ಜೀವಕೋಶಗಳನ್ನು ಉಳಿಸಿಕೊಳ್ಳಬೇಕಿದ್ದರಿಂದ ಕಿರಣ ಹಾಯಿಸುವಂತಿರಲಿಲ್ಲ. ಬ್ಯಾಚ್ ನಂಬರ್ ಹಿಡಿದು ಒಬ್ಬೊಬ್ಬರನ್ನೇ ಹುಡುಕಿ ಟಿಬಿ ಔಷಧ ಕೊಟ್ಟರು. ಟಿಬಿ ನಮ್ಮ ಕಡೆ ಅಪರೂಪದ ಕಾಯಿಲೆಯಲ್ಲ. ಹಾಗೇನಾದರೂ ಇಲ್ಲಿ ಆದರೆ ಅವ್ವನನ್ನು ಯಾರು, ಯಾವ ನಂಬರ್ ಹಿಡಿದು ಹುಡುಕುತ್ತಾರೆ?

ಅಂಗಾಂಗ ಕಸಿ ಕಾಯ್ದೆಗೆ 2011ರ ತಿದ್ದುಪಡಿಯಲ್ಲಿ ಎಲುಬಿನಂಥ ಅಂಗಾಂಶವೂ (ಟಿಶ್ಯೂ) ಸೇರಿದೆ. ಟಿಶ್ಯೂ ಬ್ಯಾಂಕುಗಳಿಗೆ ನೋಂದಣಿ ಕಡ್ಡಾಯ. ಬ್ಯಾಂಕಿನ ಹೆಸರು, ಪ್ಯಾಕಿನ ನಂಬರ್, ಕಿರಣ ಹಾಯಿಸಿದ ತಾರೀಖು ಇವಿಷ್ಟನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಯಲೇಬೇಕು ಅಂತ ಎಲ್ಲ ಆಸ್ಪತ್ರೆಗಳಿಗೆ ಆದೇಶ ಮಾಡಿ. ಖರ್ಚು ಏನೂ ಇಲ್ಲ, ಕೀಲಿನ ಸ್ಟಿಕ್ಕರ್ ಪಕ್ಕದಲ್ಲಿ ಜಾಗ ಇದೆ.

ಚೀಟಿಯ ಜೆರಾಕ್ಸನ್ನು ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಅವ್ವನ ಎಲುಬಿನ ನಂಬರ್ ಮೊದಲು ಹುಡುಕಿಸಿ ಕೊಡಿ.

ಇಂತಿ,
ವಿದ್ಯಾನಗರದ ನಿವಾಸಿ, ಹುಬ್ಬಳ್ಳಿ