ಉಪಮೆಯನ್ನು ಕತೆಯಿಂದ ಕಿತ್ತು ಕಲಿಸುವುದು ಬೇಡ

ಮಾನ್ಯ ಸಂಪಾದಕರೇ,

ನಿಮ್ಮ ವಿದ್ಯಾರ್ಥಿ ಪುಟದಲ್ಲಿ ಮೊನ್ನೆ ಬಂದ ಕನ್ನಡ ಮಾದರಿ ಪ್ರಶ್ನೆಗಳನ್ನು ನೋಡಿ ಈ ಪತ್ರ ಬರೆಯುತ್ತಿದ್ದೇನೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. 19 ವರ್ಷವಾಯಿತು. ಅಲ್ಲಿದ್ದಂತೆ ‘ಈ ಪಾತ್ರದ ಸ್ವಭಾವ ವಿವರಿಸಿ’ ಎಂದು ಕೇಳಿದರೆ ಮಕ್ಕಳು ‘ಪ್ರಾಮಾಣಿಕ, ದಯಾಳು, ಧೈರ್ಯವಂತ’ ಎಂದು ಬರೆದು ಗೆರೆ ಎಳೆಯುತ್ತಾರೆ. ಕತೆ ಬೇರೆಯಾದರೂ ಪಟ್ಟಿ ಅದೇ. ತಪ್ಪು ಮಕ್ಕಳದ್ದಲ್ಲ. ಅಲಂಕಾರಕ್ಕೆ ಒಂದು ಪಿರಿಯಡ್, ಪಾತ್ರಕ್ಕೆ ಇನ್ನೊಂದು, ಸಂಘರ್ಷಕ್ಕೆ ಮತ್ತೊಂದು ಅಂತ ಹಂಚಿದವರು ನಾವು. ಕತೆಯೊಳಗೆ ಈ ಮೂರೂ ಎಷ್ಟೋ ಸಲ ಒಂದೇ ಸಾಲಿನಲ್ಲಿರುತ್ತವೆ.

ಹೋದ ತಿಂಗಳು ಹತ್ತನೇ ತರಗತಿಯಲ್ಲಿ ನಾನೇ ಕಟ್ಟಿದ ನಾಲ್ಕು ಸಾಲನ್ನು ಬೋರ್ಡಿನ ಮೇಲೆ ಬರೆದೆ. ‘ಪತ್ರ ಬಂದು ಮೂರು ದಿನವಾಗಿತ್ತು. ಅಜ್ಜ ಅದನ್ನು ಒಡೆದಿರಲಿಲ್ಲ. ನಾಲ್ಕನೇ ದಿನ ಲಕೋಟೆಯ ಮೇಲಿನ ಧೂಳು ಒರೆಸಿದ. ಮತ್ತೆ ಅಲ್ಲೇ ಇಟ್ಟ.’

ಅಜ್ಜ ಎಂಥವನು ಅಂತ ಕೇಳಿದೆ. ‘ಸೋಮಾರಿ’ ಅಂದ ಒಬ್ಬ. ಹಿಂದಿನ ಬೆಂಚಿನ ಹುಡುಗ ಎದ್ದು, ‘ಸೋಮಾರಿ ಆಗಿದ್ರೆ ಧೂಳು ಯಾಕೆ ಒರೆಸ್ತಿದ್ದ ಟೀಚರ್? ಅವನಿಗೆ ಓದೋಕೆ ಭಯ’ ಅಂದ. ಭಯ ಅನ್ನುವ ಪದ ಬೋರ್ಡಿನ ಮೇಲೆ ಎಲ್ಲೂ ಇರಲಿಲ್ಲ. ಧೂಳು ಒರೆಸಿದ ಕೈಯೇ ಅದನ್ನು ಹೇಳಿತ್ತು. 9ನೇ ಶತಮಾನದಲ್ಲಿ ಸಂಸ್ಕೃತ ಕಾವ್ಯಮೀಮಾಂಸಕ ಆನಂದವರ್ಧನ ‘ಧ್ವನಿ’, ಅಂದರೆ ನೇರವಾಗಿ ಹೇಳದೆ ಹೊಳೆಯುವ ಅರ್ಥ, ಅಂದದ್ದು ಇಂಥದ್ದನ್ನೇ ಅಲ್ವಾ?

ಇದರಲ್ಲಿ ಸಂಘರ್ಷ ಎಲ್ಲಿದೆ ಅಂತ ಕೇಳಿದರೆ, ‘ಇರೋದೇ ಒಬ್ಬ ಅಲ್ವಾ ಟೀಚರ್’ ಅಂದರು. ಸಂಘರ್ಷ ಅಂದರೆ ಜಗಳ ಅಂತ ಅವರ ತಲೆಯಲ್ಲಿ ಕೂತಿದೆ. ಮನುಷ್ಯ ಮತ್ತು ಪ್ರಕೃತಿ, ಮನುಷ್ಯ ಮತ್ತು ಸಮಾಜ ಅನ್ನುವ ವಿಂಗಡಣೆಯೆಲ್ಲ ಬಾಯಿಪಾಠ ಇದೆ. ನಾನು ಅದನ್ನು ಬಿಟ್ಟು ಸುಮ್ನೆ ಎರಡು ಪ್ರಶ್ನೆ ಕೇಳಿದೆ. ಇವನಿಗೆ ಏನು ಬೇಕು? ಅದಕ್ಕೆ ಅಡ್ಡ ಏನಿದೆ? ಪತ್ರದಲ್ಲಿ ಏನಿದೆ ಅಂತ ಅಜ್ಜನಿಗೆ ತಿಳಿಯಲೂ ಬೇಕು, ತಿಳಿಯಲೂ ಬಾರದು. ಎರಡು ನಿಮಿಷದಲ್ಲಿ ಮಕ್ಕಳೇ ಅದನ್ನು ಹಿಡಿದರು.

ಆಮೇಲೆ ಒಂದು ಉಪಮೆ, ಅಂದರೆ ಹೋಲಿಕೆ, ಸೇರಿಸಿದೆ. ‘ಕೆಂಡ ಮುಟ್ಟುವವನಂತೆ ಲಕೋಟೆ ಎತ್ತಿದ.’ ಸರಿ, ಭಯ ಇನ್ನೂ ಜಾಸ್ತಿಯಾಯಿತು. ಅದನ್ನು ಅಳಿಸಿ, ‘ಮಲಗಿದ ಮಗುವನ್ನು ಎತ್ತುವವನಂತೆ ಲಕೋಟೆ ಎತ್ತಿದ’ ಎಂದು ಬರೆದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬಳು ಮೆಲ್ಲಗೆ ಹೇಳಿದಳು: ‘ಈಗ ಭಯ ಅಲ್ಲ ಟೀಚರ್, ಪ್ರೀತಿ. ಬರೆದವರು ಈಗ ಇಲ್ವೇನೋ. ಒಡೆದು ಓದಿದ್ರೆ ಕೊನೆಯ ಪತ್ರವೂ ಮುಗಿದುಹೋಗುತ್ತೆ.’

ಉಪಮಾನ, ಅಂದರೆ ಹೋಲಿಕೆಗೆ ತಂದದ್ದು, ಒಂದು ಬದಲಾಯಿತು, ಅಷ್ಟೇ. ಅಜ್ಜನೇ ಬೇರೆಯಾದ, ಅವನ ಒಳತೋಟಿಯೂ ಬೇರೆಯಾಯಿತು. ಉಪಮೆಯ ನಾಲ್ಕು ಅಂಗಗಳಾದ ಉಪಮೇಯ, ಉಪಮಾನ, ವಾಚಕ ಪದ, ಸಮಾನ ಧರ್ಮ ಗುರುತಿಸಿದರೆ ಅಂಕ ಸಿಗುತ್ತದೆ, ನಿಜ. ಆದರೆ ಆ ಹುಡುಗಿ ಕಂಡದ್ದು ಆ ಉತ್ತರದಲ್ಲಿ ಎಲ್ಲಿಯೂ ಸಿಗುವುದಿಲ್ಲ. ಅಲಂಕಾರಕ್ಕೆಂದು ಕವಿ ಬೇರೆ ಪ್ರಯತ್ನ ಮಾಡಬಾರದು, ರಸದ (ಕಾವ್ಯ ಓದುಗನಲ್ಲಿ ಹುಟ್ಟಿಸುವ ಭಾವಾನುಭವದ) ಜೊತೆಗೇ ಅದು ಹುಟ್ಟಿ ಬರಬೇಕು ಎಂದು ಆನಂದವರ್ಧನನೇ ಹೇಳಿದ್ದಾನೆ. ಹೀಗೆ ಜೊತೆಯಲ್ಲೇ ಹುಟ್ಟಿದ್ದನ್ನು ನಾವು ಬೇರೆ ಮಾಡಿ ಕಲಿಸುತ್ತಿದ್ದೇವೆ.

ಇನ್ನೊಂದು ಮಾತು. 1927ರಲ್ಲಿ ಇಂಗ್ಲಿಷ್ ಕಾದಂಬರಿಕಾರ ಇ.ಎಂ. ಫಾರ್ಸ್ಟರ್ ಪಾತ್ರಗಳನ್ನು ಚಪ್ಪಟೆ (ಒಂದೇ ಗುಣದ ಸುತ್ತ ಕಟ್ಟಿದ್ದು) ಮತ್ತು ದುಂಡು (ಹಲವು ಮುಖಗಳುಳ್ಳದ್ದು) ಎಂದು ವಿಂಗಡಿಸಿದರು. ಚಪ್ಪಟೆ ಪಾತ್ರ ಅಂದರೆ ಕಳಪೆ ಅಂತ ಮಕ್ಕಳು ತಿಳಿದುಕೊಂಡಿದ್ದಾರೆ. ಅಂಥ ಪಾತ್ರ ಸುಲಭವಾಗಿ ಗುರುತು ಸಿಗುತ್ತದೆ, ನೆನಪಿನಲ್ಲೂ ಉಳಿಯುತ್ತದೆ ಎಂದು ಫಾರ್ಸ್ಟರ್ ಮೆಚ್ಚಿಯೇ ಹೇಳಿದ್ದರು. ದುಂಡು ಪಾತ್ರ ಮಾತ್ರ ನಮ್ಮನ್ನು ಅಚ್ಚರಿಪಡಿಸಬೇಕು, ಆ ಅಚ್ಚರಿ ನಂಬುವಂತೆಯೂ ಇರಬೇಕು. ಗುಣಗಳ ಪಟ್ಟಿಯಲ್ಲಿ ಅಚ್ಚರಿಗೆ ಜಾಗವೇ ಇಲ್ಲ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ವಾರಕ್ಕೊಮ್ಮೆಯಾದರೂ ವಿದ್ಯಾರ್ಥಿ ಪುಟದಲ್ಲಿ ಕತೆಯ ಒಂದು ಸಣ್ಣ ತುಣುಕು ಹಾಕಿ. ಇವನಿಗೆ ಏನು ಬೇಕು, ಅಡ್ಡ ಏನಿದೆ, ಅದು ನಿಮಗೆ ಯಾವ ಪದದಿಂದ ಗೊತ್ತಾಯಿತು ಎಂದಷ್ಟೇ ಕೇಳಿ. ಮಾದರಿ ಉತ್ತರವನ್ನು ಅದೇ ದಿನ ಕೊಡಬೇಡಿ. ಮಕ್ಕಳು ಬರೆದು ಕಳಿಸಿದ್ದನ್ನು ಮುಂದಿನ ವಾರ ಅಚ್ಚು ಮಾಡಿ.

ಇಂತಿ,
ಒಬ್ಬ ಕನ್ನಡ ಶಿಕ್ಷಕಿ