ಶಾಲೆ ವಿಲೀನ: ಪಾಲಕರೆಲ್ಲ ದಯವಿಟ್ಟು ಓದಿ

ಓಣಿಯ ಎಲ್ಲ ಅಕ್ಕಂದಿರಿಗೆ, ಅಣ್ಣಂದಿರಿಗೆ ನಮಸ್ಕಾರ.

ಮಕ್ಕಳು ಕಡಿಮೆ ಎಂದು ನಮ್ಮ ಓಣಿಯ ಸರ್ಕಾರಿ ಶಾಲೆಯನ್ನು ದೂರದ ದೊಡ್ಡ ಶಾಲೆಗೆ ಸೇರಿಸುವ ಮಾತು ನಡೆದಿದೆ. ಅಲ್ಲಿ ಶಿಕ್ಷಕರು ಜಾಸ್ತಿ ಇರಬಹುದು, ಒಳ್ಳೆ ಕಟ್ಟಡವೂ ಇರಬಹುದು. ಆದರೆ ಮಕ್ಕಳು ಅಲ್ಲಿಗೆ ಹೋಗುವುದು ಹೇಗೆ?

ನಮ್ಮ ರಾಯಚೂರು ಕಡೆ ಹತ್ತಿ ಬಿಡಿಸುವ ಕಾಲದಲ್ಲಿ ತಾಯಂದಿರು ಬೆಳಗ್ಗೆಯೇ ಟಂಟಂ ಆಟೊ ಏರಿ ಹೊಲಕ್ಕೆ ಹೋಗುತ್ತಾರೆ. ಆಗ ಆರು ವರ್ಷದ ಮಗುವನ್ನು ದೊಡ್ಡ ರಸ್ತೆ ದಾಟಿಸುವವರು ಯಾರು? ಮನೆಯ ದೊಡ್ಡ ಮಗಳೇ ಅಲ್ವಾ? ಕೊನೆಗೆ ಅವಳ ಓದೂ ನಿಲ್ಲುತ್ತದೆ. ನನಗೆ ಎಲ್ಲಕ್ಕಿಂತ ಇದೇ ಚಿಂತೆ. ಶಾಲೆ ತಪ್ಪಿದ ದಿನ ಬಿಸಿಯೂಟ, ಹಾಲು, ಮೊಟ್ಟೆಯೂ ತಪ್ಪುತ್ತವೆ.

2009ರ ಶಿಕ್ಷಣ ಹಕ್ಕು ಕಾಯ್ದೆ ಮನೆ ಹತ್ತಿರವೇ ಶಾಲೆ ಇರಬೇಕು ಎನ್ನುತ್ತದೆ. ನಿಯಮದ ಪ್ರಕಾರ 1ರಿಂದ 5ನೇ ತರಗತಿಗೆ 1 ಕಿ.ಮೀ. ಒಳಗೆ, 6ರಿಂದ 8ಕ್ಕೆ 3 ಕಿ.ಮೀ. ಒಳಗೆ. ಶಾಲಾ ಸಮಿತಿಯಲ್ಲಿ (ಎಸ್‌ಡಿಎಂಸಿ) ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಮಹಿಳೆಯರು ಇರಬೇಕು ಅಂತಲೂ ಕಾಯ್ದೆಯಲ್ಲಿದೆ. ಹಾಗಾಗಿ ಎಸ್‌ಡಿಎಂಸಿ ಸದಸ್ಯರು ಓದದೆ ಯಾವ ಕಾಗದಕ್ಕೂ ಸುಮ್ನೆ ಸಹಿ ಹಾಕಬೇಡಿ.

ಭಾನುವಾರ ಸಂಜೆ 5 ಗಂಟೆಗೆ ಶಾಲೆಯ ಅಂಗಳದಲ್ಲಿ ಸೇರೋಣ. ನಿಮ್ಮ ಮಕ್ಕಳ ಹೆಸರು, ತರಗತಿ, ಮನೆಯಿಂದ ಆ ಶಾಲೆಗೆ ಎಷ್ಟು ದೂರ ಎಂದು ಬರೆದು ತನ್ನಿ. ಮುಂದಿನ ವರ್ಷ ಒಂದನೇ ತರಗತಿಗೆ ಸೇರುವ ಅಂಗನವಾಡಿ ಮಕ್ಕಳ ಹೆಸರೂ ಬೇಕು. ಎಲ್ಲವನ್ನೂ ಸೇರಿಸಿ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಮನವಿ ಕೊಡೋಣ. ಫೋನ್ ಇಲ್ಲದ ಮನೆಯವರಿಗೆ ಪಕ್ಕದವರು ತಪ್ಪದೆ ತಿಳಿಸಿ.